ಹಳೆ ಇವಿ ಬ್ಯಾಟರಿಯಲ್ಲಿ ಕರೆಂಟ್ ಕೂಡಿಟ್ಟರೆ ಲಾಭವೇ? ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ, ಹಂತ ಹಂತವಾಗಿ

ಎಲೆಕ್ಟ್ರಿಕ್ ಗಾಡಿಯಿಂದ ಇಳಿಸಿದ ಬ್ಯಾಟರಿ ಪ್ಯಾಕ್ ಕೊಂಡು, ಗ್ರಿಡ್‌ಗೆ ಜೋಡಿಸಿ, ಬಿಲ್ ಇಳಿಸಲು ಹೊರಟವರು ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಮೊದಲು ಬ್ಯಾಟರಿಯ ರೇಟು ಕೇಳುತ್ತಾರೆ, ಮುಂಗಡ ಕೊಡುತ್ತಾರೆ, ಆಮೇಲೆ ಕರೆಂಟ್ ಬಿಲ್ ತೆಗೆದು ನೋಡುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು. ಒಂದು ಯೂನಿಟ್ ಕೂಡಿಟ್ಟು ವಾಪಸ್ ಕೊಟ್ಟರೆ ನಿಮ್ಮ ಜಾಗದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಬ್ಯಾಟರಿಗೆ ಎಷ್ಟು ಕೊಡಬಹುದು ಎಂಬುದು ಆ ಉತ್ತರದಿಂದ ಹುಟ್ಟುತ್ತದೆ.

ಕೆಳಗಿನ ಲೆಕ್ಕಕ್ಕೆ 250 ಕೆವಿಎ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಎಸ್ಕಾಂ, ಅಂದರೆ ವಿದ್ಯುತ್ ಸರಬರಾಜು ಕಂಪನಿಯ ಜೊತೆ ಒಪ್ಪಿಕೊಂಡ ಗರಿಷ್ಠ ಲೋಡ್) ಇರುವ, ಚಾವಣಿಯಲ್ಲಿ ಸೋಲಾರ್ ಹಾಕಿಸಿಕೊಂಡ ಒಂದು ಸಣ್ಣ ಎಚ್‌ಟಿ (ಹೈ ಟೆನ್ಷನ್ ಸಂಪರ್ಕದ) ಕಾರ್ಖಾನೆಯನ್ನು ಇಟ್ಟುಕೊಳ್ಳೋಣ. ಇಲ್ಲಿ ಬರುವ ದರ, ಬೆಲೆಗಳೆಲ್ಲ ಲೆಕ್ಕ ತೋರಿಸಲು ಹಾಕಿದವು. ಅವುಗಳ ಜಾಗದಲ್ಲಿ ನಿಮ್ಮ ಬಿಲ್ಲಿನ ದರ, ನಿಮ್ಮ ಕೈಗೆ ಬಂದ ಕೊಟೇಶನ್ ಹಾಕಿಕೊಳ್ಳಿ. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್.

ಹಂತ 1: ಬಿಲ್ಲು ಮತ್ತು ಲೋಡ್ ದಾಖಲೆ

ಬೇಕಾದ್ದು ಮೂರು: ಹಿಂದಿನ 12 ತಿಂಗಳ ಬಿಲ್ಲು, ಮೀಟರಿನ 15 ನಿಮಿಷದ ಲೋಡ್ ಸರ್ವೆ ದಾಖಲೆ, ಜನರೇಟರಿನ ಲಾಗ್ ಪುಸ್ತಕ. ಲೋಡ್ ಸರ್ವೆಗಾಗಿ ನಿಮ್ಮ ಎಸ್ಕಾಂ ಉಪವಿಭಾಗಕ್ಕೆ ಅರ್ಜಿ ಕೊಡಿ. ಅದು ತಡವಾಗುವಂತಿದ್ದರೆ ಪವರ್ ಅನಲೈಸರ್ ಬಾಡಿಗೆಗೆ ತಂದು ಮುಖ್ಯ ಪ್ಯಾನೆಲ್ಲಿಗೆ ನಾಲ್ಕು ವಾರ ಕಟ್ಟಿ. ಒಂದು ವಾರದ ದಾಖಲೆ ಸಾಲದು. ತಿಂಗಳ ಕೊನೆಯಲ್ಲಿ ಆರ್ಡರ್ ಮುಗಿಸುವ ಅವಸರದಲ್ಲಿ ಎಲ್ಲ ಮೆಷಿನ್ ಒಟ್ಟಿಗೆ ಓಡಿದ ಆ ಅರ್ಧ ಗಂಟೆಯೇ ಇಡೀ ತಿಂಗಳ ಡಿಮ್ಯಾಂಡ್, ಅಂದರೆ ಬಿಲ್ಲಿಗೆ ಲೆಕ್ಕ ಹಿಡಿಯುವ ಗರಿಷ್ಠ ಲೋಡ್, ನಿರ್ಧರಿಸಿರುತ್ತದೆ.

ದಾಖಲೆಯಲ್ಲಿ ಎರಡು ಸಂಗತಿ ಗುರುತು ಹಾಕಿಕೊಳ್ಳಿ: ಪೀಕ್ (ಲೋಡ್ ಒಮ್ಮೆಲೇ ಏರಿದ ಭಾಗ) ಎಷ್ಟು ಎತ್ತರ, ಎಷ್ಟು ಅಗಲ. 30 ಕಿಲೋವ್ಯಾಟ್ ಎತ್ತರದ ಪೀಕ್ ಎರಡು ಗಂಟೆ ನಿಂತರೆ 60 ಯೂನಿಟ್ ಸಾಕು. ಅದೇ ನಾಲ್ಕೂವರೆ ಗಂಟೆ ನಿಂತರೆ 135 ಯೂನಿಟ್ ಬೇಕು. ಅಗಲವಾದ ಪೀಕ್ ಇರುವ ಕಡೆ ಬ್ಯಾಟರಿ ಹಾಕುವುದಕ್ಕಿಂತ ಶಿಫ್ಟ್ ಬದಲಿಸುವುದು ಅಗ್ಗ.

ಇನ್ನೊಂದು ಮಾತು. ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.9ಕ್ಕಿಂತ ಕೆಳಗಿದ್ದರೆ ಮೊದಲು ಕೆಪಾಸಿಟರ್ ಪ್ಯಾನೆಲ್ ಸರಿಮಾಡಿಸಿ. ಬ್ಯಾಟರಿಯ ಖರ್ಚಿನ ಸಣ್ಣ ಪಾಲಿನಲ್ಲೇ ಕೆವಿಎ ಇಳಿಯುತ್ತದೆ.

ಹಂತ 2: ಒಂದು ಯೂನಿಟ್ಟಿಗೆ ಎಷ್ಟು ಉಳಿತಾಯ

ಇಲ್ಲಿ ಎಲ್ಲರೂ ಎಲ್ಲ ಉಳಿತಾಯಗಳನ್ನೂ ಕೂಡಿಸಿಬಿಡುತ್ತಾರೆ. ಕೂಡಿಟ್ಟ ಒಂದು ಯೂನಿಟ್ಟನ್ನು ಒಂದು ಸಲ ಮಾತ್ರ ಬಳಸಬಹುದು. ಹಾಗಾಗಿ ಪ್ರತಿ ಮೂಲವನ್ನೂ ಬೇರೆಯಾಗಿ ಯೂನಿಟ್ ಲೆಕ್ಕಕ್ಕೆ ಇಳಿಸಿ, ಹೆಚ್ಚು ಉಳಿಸುವುದಕ್ಕೆ ಮೊದಲ ಪಾಲು ಕೊಡಿ.

ವೇಳೆವಾರು ದರ. ಸಾಮಾನ್ಯ ದರ 7 ರೂಪಾಯಿ, ಅಗ್ಗದ ವೇಳೆ 6, ಪೀಕ್ ವೇಳೆ 8 ಎಂದುಕೊಳ್ಳಿ. ಎರಡು ರೂಪಾಯಿ ಅಂತರ ನೋಡಲು ಚೆನ್ನಾಗಿದೆ. ಆದರೆ 85 ಯೂನಿಟ್ ವಾಪಸ್ ಪಡೆಯಲು 100 ಯೂನಿಟ್ ತುಂಬಬೇಕು. 85×8 ಎಂದರೆ 680, ಅದರಲ್ಲಿ 100×6 ಕಳೆದರೆ ಉಳಿಯುವುದು 80 ರೂಪಾಯಿ. ಯೂನಿಟ್ಟಿಗೆ 94 ಪೈಸೆ. ಅಂತರದ ಅರ್ಧಕ್ಕಿಂತ ಹೆಚ್ಚನ್ನು ನಷ್ಟವೇ ನುಂಗಿತು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ಬಂದ ತಿದ್ದುಪಡಿಯಲ್ಲಿ ಸೌರ ವೇಳೆಯ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ. 20 ಕಡಿಮೆ, ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರಿಗೆ ಪೀಕ್ ದರ ಕನಿಷ್ಠ 1.2 ಪಟ್ಟು ಎಂದಿದೆ. ಅದೇ ಅಂತರ ನಿಮ್ಮ ಬಿಲ್ಲಿಗೆ ಬಂದರೂ 5.60ಕ್ಕೆ ತುಂಬಿ 8.40ಕ್ಕೆ ಬಿಟ್ಟರೆ ದಿನಕ್ಕೆ 154 ರೂಪಾಯಿ, ಯೂನಿಟ್ಟಿಗೆ 1.80. ಇದೊಂದನ್ನೇ ನಂಬಿ ಬ್ಯಾಟರಿ ಕೊಳ್ಳುವ ಮಾತೇ ಇಲ್ಲ.

ಹೆಚ್ಚಾದ ಸೋಲಾರ್. ಭಾನುವಾರ ಮತ್ತು ಮಧ್ಯಾಹ್ನ ಉಳಿಯುವ ಸೋಲಾರನ್ನು ಗ್ರಿಡ್‌ಗೆ ಕೊಟ್ಟರೆ ಯೂನಿಟ್ಟಿಗೆ 3 ರೂಪಾಯಿ ಸಿಗುತ್ತಿತ್ತು ಎಂದುಕೊಂಡರೆ, 680ರಲ್ಲಿ 300 ಕಳೆದು 380. ಯೂನಿಟ್ಟಿಗೆ ಸುಮಾರು 4.50.

ಡೀಸೆಲ್. ಒಂದು ಲೀಟರಿಗೆ ಜನರೇಟರ್ 3.3 ಯೂನಿಟ್ ಕೊಟ್ಟರೆ, ಲೀಟರಿಗೆ 90 ರೂಪಾಯಿಯಂತೆ ಇಂಧನದ ಖರ್ಚೇ ಯೂನಿಟ್ಟಿಗೆ 27. ಗ್ರಿಡ್‌ನಿಂದ ತುಂಬಿದ ಯೂನಿಟ್ ನಷ್ಟ ಸೇರಿ 8.20. ಉಳಿತಾಯ 18.80. ಬೇರೆ ಯಾವುದೂ ಇದರ ಹತ್ತಿರ ಸುಳಿಯುವುದಿಲ್ಲ. ತಿಂಗಳಿಗೆ ಎಷ್ಟು ಗಂಟೆ ಕರೆಂಟ್ ಹೋಗುತ್ತದೆ ಎಂಬುದೇ ಈ ಇಡೀ ವ್ಯವಹಾರದ ಹಣೆಬರಹ ಬರೆಯುತ್ತದೆ.

ಡಿಮ್ಯಾಂಡ್ ಚಾರ್ಜ್. ಇದು ಯೂನಿಟ್ ಲೆಕ್ಕವಲ್ಲ, ಬೇರೆಯಾಗಿ ಹಾಕಿ. ದಾಖಲಾದ ಗರಿಷ್ಠ 225 ಕೆವಿಎ. ಬ್ಯಾಟರಿ ಅದನ್ನು 195ಕ್ಕೆ ಇಳಿಸುತ್ತದೆ. ಕೆವಿಎಗೆ ತಿಂಗಳಿಗೆ 350 ರೂಪಾಯಿ ಎಂದುಕೊಳ್ಳಿ. 30 ಕೆವಿಎ ಉಳಿಯಿತು ಅಂದುಕೊಂಡರೆ ಮೋಸ ಹೋದಿರಿ. ದಾಖಲಾದದ್ದು ಅಥವಾ ಕಾಂಟ್ರ್ಯಾಕ್ಟ್ ಡಿಮ್ಯಾಂಡಿನ ಗೊತ್ತಾದ ಪಾಲು (ಇಲ್ಲಿ ಶೇ. 85 ಎಂದುಕೊಳ್ಳಿ), ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ ಬರುತ್ತದೆ. 250ರ ಶೇ. 85 ಎಂದರೆ 212.5. ನಿಮಗೆ ಉಳಿದದ್ದು ಬರೀ 12.5 ಕೆವಿಎ. ಕಾಂಟ್ರ್ಯಾಕ್ಟ್ ಡಿಮ್ಯಾಂಡನ್ನು 210ಕ್ಕೆ ಇಳಿಸಿಕೊಂಡರೆ ಮಾತ್ರ 195ಕ್ಕೆ ಬಿಲ್ ಬಂದು ತಿಂಗಳಿಗೆ 10,500, ವರ್ಷಕ್ಕೆ 1.26 ಲಕ್ಷ ಉಳಿಯುತ್ತದೆ.

ಇಳಿಸಿಕೊಂಡ ಮೇಲೆ ಅಪಾಯವೂ ಇದೆ. ಒಂದೇ ಒಂದು ದಿನ ಬ್ಯಾಟರಿ ಟ್ರಿಪ್ ಆಗಿ ಮತ್ತೆ 225 ದಾಖಲಾದರೆ, 210ರ ಮೇಲಿನ 15 ಕೆವಿಎಗೆ ದುಪ್ಪಟ್ಟು ದರ. ಆ ತಿಂಗಳ ಡಿಮ್ಯಾಂಡ್ ಚಾರ್ಜ್ 84,000. ಬ್ಯಾಟರಿಯೇ ಇಲ್ಲದಿದ್ದರೆ 78,750 ಆಗುತ್ತಿತ್ತು! ಹಾಗಾಗಿ ಡಿಮ್ಯಾಂಡ್ ಉಳಿತಾಯದಲ್ಲಿ ಶೇ. 30 ಕಡಿತ ಮಾಡಿ, 88,000 ಎಂದಷ್ಟೇ ಬರೆದುಕೊಳ್ಳಿ.

ಹಂತ 3: ಲೇಬಲ್ ಮೇಲಿನ ಅಂಕಿಯಿಂದ ಕೈಗೆ ಸಿಗುವ ಯೂನಿಟ್ಟಿಗೆ

ಮಾರುವವರು ಹೇಳುವುದು ಗಾಡಿ ಹೊಸದಾಗಿದ್ದಾಗಿನ ಸಾಮರ್ಥ್ಯ. ತಲಾ 30 ಯೂನಿಟ್ಟಿನ ಐದು ಪ್ಯಾಕ್, ಲೇಬಲ್ ಪ್ರಕಾರ 150 ಯೂನಿಟ್. ಉಳಿದ ಆರೋಗ್ಯ ಶೇ. 75 ಎಂದರೆ 112.5. ಆಯುಷ್ಯ ಉಳಿಸಲು ಅದರ ಶೇ. 80 ಮಾತ್ರ ಬಳಸಬೇಕು, ಅಂದರೆ 90. ಕರೆಂಟ್ ಹೊರಗೆ ಬಿಡುವಾಗಿನ ನಷ್ಟ ಕಳೆದು ಪ್ಯಾನೆಲ್ಲಿಗೆ ತಲುಪುವುದು ಸುಮಾರು 85. ವರ್ಷಕ್ಕೆ 300 ಸೈಕಲ್ (ಒಮ್ಮೆ ತುಂಬಿ ಒಮ್ಮೆ ಬಿಡುವುದು), ಸವಕಳಿಗೆ ಶೇ. 10 ಕಳೆದರೆ ಸುಮಾರು 23,000 ಯೂನಿಟ್.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬ್ಯಾಟರಿ ಕೋಣೆಗೆ ಎಸಿ ಬೇಕೇ ಬೇಕು. ಒಂದು ಟನ್ನಿನ ಎಸಿ ಎಂಟು ಗಂಟೆ ಓಡಿದರೆ ಏಳೆಂಟು ಯೂನಿಟ್ ಹೋಯಿತು, ದಿನದ 85ರಲ್ಲಿ ಹತ್ತಿರತ್ತಿರ ಹತ್ತನೇ ಒಂದು ಪಾಲು. ಇದನ್ನು ಯಾವ ಕೊಟೇಶನ್ನಿನಲ್ಲೂ ಬರೆದಿರುವುದಿಲ್ಲ.

ಹಂತ 4: ಪ್ಯಾಕ್ ಪರೀಕ್ಷೆ

ಮೊದಲು ಪ್ಯಾಕ್ ಎಲ್ಲಿಂದ ಬಂತು ಕೇಳಿ. ನಮ್ಮಲ್ಲಿ ಹೆಚ್ಚು ಮಾರಾಟವಾದ ಟಾಟಾ ನೆಕ್ಸಾನ್ ಇವಿ ರಸ್ತೆಗಿಳಿದದ್ದು 2020ರಲ್ಲಿ. ಬ್ಯಾಟರಿಗೆ ಆಗ ಕೊಟ್ಟ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಅಂದರೆ ವಯಸ್ಸಾಗಿ ಸಹಜವಾಗಿ ಇಳಿದ ಕಾರಿನ ಪ್ಯಾಕ್ ಇನ್ನೂ ಅಪರೂಪ. ಈಗ ಸಿಗುವ ಕಾರಿನ ಪ್ಯಾಕ್‌ಗಳಲ್ಲಿ ಬಹುಪಾಲು ಅಪಘಾತದ ಗಾಡಿಯದ್ದು, ಇಲ್ಲವೇ ದೋಷ ಬಂದು ಬದಲಿಸಿದ್ದು ಎಂದೇ ಹಿಡಿದು ಪರೀಕ್ಷೆ ಮಾಡಿ. ಇ-ಆಟೋಗಳ 48 ವೋಲ್ಟಿನ ಪ್ಯಾಕ್ ಸುಲಭವಾಗಿ ಸಿಗುತ್ತದೆ, ಮುಟ್ಟಲೂ ಕಡಿಮೆ ಅಪಾಯ. ಆದರೆ ಒಂದೊಂದರಲ್ಲಿ ಇರುವುದು ಏಳೆಂಟು ಯೂನಿಟ್, ಹಾಗಾಗಿ ಜೋಡಣೆಯ ಕೆಲಸ ಬೆಳೆಯುತ್ತದೆ.

ಸಾಮಾನು: 1000 ವೋಲ್ಟ್ ಕ್ಯಾಟ್-3 ಮಲ್ಟಿಮೀಟರ್, ಕ್ಲಾಸ್ 0 ರಬ್ಬರ್ ಕೈಗವಸು ಮತ್ತು ಅದರ ಮೇಲೆ ಚರ್ಮದ ಗವಸು, ಇನ್ಸುಲೇಟೆಡ್ ಸ್ಪ್ಯಾನರ್, 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್), ಡಿಸಿ ಕ್ಲ್ಯಾಂಪ್ ಮೀಟರ್, ಥರ್ಮಲ್ ಕ್ಯಾಮೆರಾ, ಕ್ಯಾನ್ ಬಸ್ (ಗಾಡಿಯ ಭಾಗಗಳು ಸಂದೇಶ ಕಳಿಸುವ ಜಾಲ) ರೀಡರ್, ಚಾರ್ಜ್-ಡಿಸ್ಚಾರ್ಜ್ ಸೈಕ್ಲರ್. ಸರ್ವಿಸ್ ಪ್ಲಗ್ ಕಿತ್ತು ಹತ್ತು ನಿಮಿಷ ಕಾದು, ಟರ್ಮಿನಲ್ ಅಳೆದ ನಂತರವೇ ಕೈ ಹಾಕಿ. ಪ್ಲಗ್ ಕಿತ್ತರೂ ಒಳಗಿನ ಮಾಡ್ಯೂಲ್‌ಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಕಾರಿನ ಪ್ಯಾಕ್ ಎಂದರೆ 300ರಿಂದ 400 ವೋಲ್ಟ್ ಡಿಸಿ. ತರಬೇತಿ ಇಲ್ಲದವರು ಈ ಹಂತವನ್ನು ಹೊರಗೆ ಕೊಡಿ, ಮತ್ತು ಯಾರೂ ಒಬ್ಬರೇ ಕೆಲಸ ಮಾಡಬೇಡಿ.

ಪರೀಕ್ಷೆಯ ಕ್ರಮ ಹೀಗೆ:

1. ಕಣ್ಣಿನ ಪರೀಕ್ಷೆ. ಉಬ್ಬಿದ ಸೆಲ್, ತಳದಲ್ಲಿ ತಗ್ಗು, ನೀರು ನುಗ್ಗಿದ ಕಲೆ, ನೆಯಿಲ್ ಪಾಲಿಶ್‌ನಂಥ ಸಿಹಿ ವಾಸನೆ. ಇವುಗಳಲ್ಲಿ ಒಂದಿದ್ದರೂ ಪ್ಯಾಕನ್ನು ಕಟ್ಟಡದಿಂದ ದೂರ ಇಡಿಸಿ, ಮುಂದಿನ ಪರೀಕ್ಷೆ ಬೇಡ.

2. ಇನ್ಸುಲೇಶನ್. ಪ್ಯಾಕಿನ ಧನ, ಋಣ ಎರಡೂ ತುದಿಯಿಂದ ಚಾಸಿಗೆ. ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬ್ಯಾಟರಿ ನಿರ್ವಹಣಾ ಸರ್ಕ್ಯೂಟ್) ಕನೆಕ್ಟರ್ ಬಿಡಿಸಿ ಅಳೆಯದಿದ್ದರೆ ಮೆಗ್ಗರ್ ಅದನ್ನೇ ಸುಟ್ಟುಬಿಡಬಹುದು. 350 ವೋಲ್ಟಿನ ಪ್ಯಾಕಿಗೆ 175 ಕಿಲೋ ಓಮ್‌ಗಿಂತ ಕಡಿಮೆ ಬಂದರೆ ಅಲ್ಲಿಗೇ ನಿಲ್ಲಿಸಿ.

3. ಸಾಮರ್ಥ್ಯ. ಪೂರ್ತಿ ತುಂಬಿ, ಸಿ/3 ವೇಗದಲ್ಲಿ, ಅಂದರೆ ಮೂರು ಗಂಟೆಯಲ್ಲಿ ಖಾಲಿಯಾಗುವಂತೆ, 25 ಡಿಗ್ರಿ ಹತ್ತಿರ ಬಿಡಿ. ಬಂದ ಯೂನಿಟ್ ಎಣಿಸಿ. ಬಿಎಂಎಸ್ ತೋರಿಸುವ ಆರೋಗ್ಯದ ಶೇಕಡಾವಾರು ಅಂದಾಜು ಮಾತ್ರ, ಅದನ್ನು ನೋಡಿ ಹಣ ಕೊಡಬೇಡಿ.

4. ಒಳರೋಧ. ಅರ್ಧ ಚಾರ್ಜ್‌ನಲ್ಲಿ 10 ಸೆಕೆಂಡ್ ಗೊತ್ತಾದ ಕರೆಂಟ್ ಎಳೆದು, ಪ್ರತಿ ಸೆಲ್ ಗುಂಪಿನ ವೋಲ್ಟೇಜ್ ಎಷ್ಟು ಕುಸಿಯಿತು ನೋಡಿ. ಉಳಿದವುಗಳ ಸಾಮಾನ್ಯ ಮಟ್ಟಕ್ಕಿಂತ ಒಂದೂವರೆ ಪಟ್ಟು ಕುಸಿದವು ಮುಂದೆ ಬಿಸಿಯಾಗುವವು.

5. ತಾನಾಗಿ ಇಳಿಯುವಿಕೆ. ಎರಡು ವಾರ ಮುಟ್ಟದೆ ಇಟ್ಟು ಸೆಲ್ ವೋಲ್ಟೇಜ್ ಹೋಲಿಸಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಆದರೆ ಅರ್ಧ ಚಾರ್ಜ್‌ನಲ್ಲಿ ಇಡಬೇಡಿ. ಆ ಭಾಗದಲ್ಲಿ ಅದರ ವೋಲ್ಟೇಜ್ ರೇಖೆ ಚಪ್ಪಟೆ, ಸೋರಿಕೆ ಕಾಣುವುದಿಲ್ಲ. ಶೇ. 10ರ ಹತ್ತಿರಕ್ಕೆ ಇಳಿಸಿ ಇಡಿ. ಅವಸರದಲ್ಲಿ ಬಿಟ್ಟುಹೋಗುವ ಪರೀಕ್ಷೆ ಇದೇ. ಒಳಗೆ ಸಣ್ಣ ಶಾರ್ಟ್ ಇರುವ ಸೆಲ್ ಸಿಕ್ಕಿಬೀಳುವುದೂ ಇಲ್ಲೇ.

ಪ್ಯಾಕ್ ಬಿಚ್ಚಿ ಒಳ್ಳೆಯ ಮಾಡ್ಯೂಲ್ ಆರಿಸಿ ಹೊಸದಾಗಿ ಕಟ್ಟುವ ಆಸೆ ಬೇಡ. 24 ಯೂನಿಟ್ಟಿನ ನಿಸಾನ್ ಲೀಫ್ ಪ್ಯಾಕ್ ಒಂದರಲ್ಲೇ 48 ಮಾಡ್ಯೂಲ್, ಒಂದೊಂದರಲ್ಲಿ 4 ಸೆಲ್. ಅಷ್ಟನ್ನೂ ಬಿಚ್ಚಿ, ಅಳೆದು, ಜೊತೆಗೂಡಿಸುವ ಕೂಲಿಯೇ ಬ್ಯಾಟರಿಯ ಅಗ್ಗದ ಬೆಲೆಯನ್ನು ತಿಂದುಹಾಕುತ್ತದೆ. ಕ್ಯಾಲಿಫೋರ್ನಿಯಾದ ಲ್ಯಾಂಕಸ್ಟರ್‌ನಲ್ಲಿ ಬಿ2ಯು ಕಂಪನಿ ಸುಮಾರು 1,300 ಹೋಂಡಾ, ನಿಸಾನ್ ಪ್ಯಾಕ್‌ಗಳಿಂದ 25 ಮೆಗಾವ್ಯಾಟ್ ಅವರ್ ಕೇಂದ್ರ ಕಟ್ಟಿದ್ದು ಪ್ಯಾಕ್ ಬಿಚ್ಚದೆಯೇ.

ಬಿಚ್ಚದೆ ಬಳಸುವುದರಲ್ಲೂ ಒಂದು ಕೊಕ್ಕೆ ಇದೆ. ಗಾಡಿಯ ಕಂಪ್ಯೂಟರಿನಿಂದ ಸರಿಯಾದ ಕ್ಯಾನ್ ಸಂದೇಶ ಬಾರದೆ ಪ್ಯಾಕಿನ ಕಾಂಟ್ಯಾಕ್ಟರ್ (ಒಳಗಿನ ಮುಖ್ಯ ಸ್ವಿಚ್) ಕೂಡುವುದಿಲ್ಲ. ಅಪಘಾತದ ಗಾಡಿಯದ್ದಾದರೆ ಕ್ರ್ಯಾಶ್ ಲಾಕ್ ಬಿದ್ದಿರುತ್ತದೆ. ಆ ಸಂದೇಶವನ್ನು ಗಾಡಿಯ ಬದಲು ಕಳಿಸುವ ಗೇಟ್‌ವೇ ಕೊಡುವವರು ಅದೇ ಮಾಡೆಲ್ ಪ್ಯಾಕನ್ನು ನಿಮ್ಮ ಕಣ್ಣೆದುರು ಆನ್ ಮಾಡಿ ತೋರಿಸುವವರೆಗೆ ಮುಂಗಡ ಬೇಡ.

ಹಂತ 5: ಪೂರ್ತಿ ಖರ್ಚು

ನಮ್ಮ ಉದಾಹರಣೆಗೆ ಹೀಗೆ ಹಾಕೋಣ. ಪ್ಯಾಕ್, ಲೇಬಲ್ ಯೂನಿಟ್ಟಿಗೆ 4,000ದಂತೆ: 6 ಲಕ್ಷ. ಸಾಗಾಣಿಕೆ, ಪರೀಕ್ಷೆ, ತಿರಸ್ಕಾರವಾದವು: 1 ಲಕ್ಷ. ಬಿಎಂಎಸ್ ಗೇಟ್‌ವೇ, ಕಾಂಟ್ಯಾಕ್ಟರ್: 1.5 ಲಕ್ಷ. ರ್‍ಯಾಕ್, ಕೂಲಿಂಗ್, ಕೇಬಲ್, ಡಿಸಿ ಫ್ಯೂಸ್: 2.5 ಲಕ್ಷ. ಬ್ಯಾಟರಿ ಬದಿಯ ಒಟ್ಟು 11 ಲಕ್ಷ. ಇದಲ್ಲದೆ 50 ಕಿಲೋವ್ಯಾಟ್ ದ್ವಿಮುಖ ಇನ್ವರ್ಟರ್ 5 ಲಕ್ಷ, ಬೆಂಕಿ ಪತ್ತೆ ಮತ್ತು ರಕ್ಷಣೆ 1 ಲಕ್ಷ, ಜೋಡಣೆ ಮತ್ತು ಅನುಮತಿ 1.5 ಲಕ್ಷ. ಎಲ್ಲ ಸೇರಿ 18.5 ಲಕ್ಷ.

ಪ್ಯಾಕಿನ ಬೆಲೆ ಇದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಪುಕ್ಕಟೆ ಸಿಕ್ಕಿದರೂ 12.5 ಲಕ್ಷ ತಪ್ಪಿದ್ದಲ್ಲ.

ಉಳಿತಾಯ ಮಾಡಲು ಹೋಗಿ ಕೆಡಿಸಿಕೊಳ್ಳುವ ಜಾಗ ಒಂದಿದೆ: ಬೇರೆ ಬೇರೆ ವಯಸ್ಸಿನ ಪ್ಯಾಕ್‌ಗಳನ್ನು ನೇರವಾಗಿ ಪ್ಯಾರಲಲ್ ಕೊಡುವುದು. ವೋಲ್ಟೇಜ್ ವ್ಯತ್ಯಾಸ ಇದ್ದಾಗ ಒಂದರಿಂದ ಇನ್ನೊಂದಕ್ಕೆ ನೂರಾರು ಆಂಪಿಯರ್ ಹರಿದು ಕಾಂಟ್ಯಾಕ್ಟರ್ ಬೆಸುಗೆಯಾಗಿಬಿಡುತ್ತದೆ. ಪ್ರತಿ ಪ್ಯಾಕಿಗೂ ಬೇರೆ ಡಿಸಿ-ಡಿಸಿ ಪರಿವರ್ತಕ ಅಥವಾ ಬೇರೆ ಇನ್ಪುಟ್ ಇರುವ ಇನ್ವರ್ಟರ್ ಕೇಳಿ.

ಹಂತ 6: ಹೊಸ ಎಲ್‌ಎಫ್‌ಪಿ ಎದುರು ಗರಿಷ್ಠ ಬೆಲೆ

ಹಳೆಯದರ ಸ್ಪರ್ಧಿ ಹೊಸ ಎಲ್‌ಎಫ್‌ಪಿ ರ್‍ಯಾಕ್. ಅದೇ 85 ಯೂನಿಟ್ ಕೊಡಲು 100 ಯೂನಿಟ್ ಸಾಕು. ಯೂನಿಟ್ಟಿಗೆ 12,000ದಂತೆ 12 ಲಕ್ಷ, ಕೇಬಲ್ ಮುಂತಾದ್ದು 1.5 ಲಕ್ಷ, ಒಟ್ಟು 13.5. ಆಯುಷ್ಯ 12 ವರ್ಷ ಎಂದುಕೊಳ್ಳಿ. ಇಲ್ಲಿ ಆರು ತಿಂಗಳ ಹಳೆಯ ಕೊಟೇಶನ್ ಕಸಕ್ಕೆ ಹಾಕಿ. ಕೇಂದ್ರ ಸರ್ಕಾರದ ಸೌರಶಕ್ತಿ ನಿಗಮ ಎಸ್‌ಇಸಿಐ 2022ರಲ್ಲಿ ಕರೆದ ಬ್ಯಾಟರಿ ಸಂಗ್ರಹ ಟೆಂಡರಿನಲ್ಲಿ ಮೆಗಾವ್ಯಾಟ್‌ಗೆ ತಿಂಗಳಿಗೆ 10.83 ಲಕ್ಷ ಇದ್ದ ದರ, ಸರ್ಕಾರದ ನೆರವು ಸೇರಿದ 2025ರ ಟೆಂಡರುಗಳಲ್ಲಿ 2 ಲಕ್ಷದ ಆಸುಪಾಸಿಗೆ ಬಂತು.

ಎರಡನ್ನೂ ಶೇ. 12 ಬಡ್ಡಿಯಲ್ಲಿ ವರ್ಷದ ಕಂತಿಗೆ ಇಳಿಸಿ. ಎಕ್ಸೆಲ್‌ನ ಪಿಎಂಟಿ ಸೂತ್ರ ಸಾಕು. ಹೊಸದರ ಕಂತು 2.18 ಲಕ್ಷ. ಹಳೆಯದು 5 ವರ್ಷ ಬಾಳಿದರೆ 3.05 ಲಕ್ಷ, 8 ವರ್ಷ ಬಾಳಿದರೆ 2.21 ಲಕ್ಷ.

ಈಗ ತಿರುಗಿಸಿ ಹಾಕಿ. ಹೊಸದರ ಕಂತಿಗೆ ಸಮವಾಗಬೇಕಾದರೆ 5 ವರ್ಷ ಬಾಳುವ ಹಳೆ ಬ್ಯಾಟರಿಯ ಬದಿಗೆ 7.85 ಲಕ್ಷ ಹಾಕಬಹುದು. ಅದರಲ್ಲಿ 5 ಲಕ್ಷ ಪ್ಯಾಕ್ ಅಲ್ಲದ ಖರ್ಚು. ಪ್ಯಾಕಿಗೆ ಉಳಿದದ್ದು 2.85 ಲಕ್ಷ, ಲೇಬಲ್ ಯೂನಿಟ್ಟಿಗೆ 1,900 ರೂಪಾಯಿ. 8 ವರ್ಷ ಬಾಳುತ್ತದೆ ಎಂಬ ಬರಹದ ಗ್ಯಾರಂಟಿ ಸಿಕ್ಕರೆ 3,880ರವರೆಗೆ ಹೋಗಬಹುದು. ಚೌಕಾಸಿಗೆ ಕೂರುವಾಗ ಜೇಬಿನಲ್ಲಿರಬೇಕಾದ ಅಂಕಿ ಇದು. ಗ್ಯಾರಂಟಿ ವರ್ಷಗಳಲ್ಲಿ ಅಲ್ಲ, ಒಟ್ಟು ಬಿಟ್ಟ ಯೂನಿಟ್ಟಿನಲ್ಲಿ ಇರಲಿ.

ಹಂತ 7: ಕೊನೆಯ ತಾಳೆ

ಇನ್ವರ್ಟರ್ ಮುಂತಾದ 7.5 ಲಕ್ಷಕ್ಕೆ 10 ವರ್ಷದ ಕಂತು 1.33 ಲಕ್ಷ. ನಿರ್ವಹಣೆ ಹಳೆಯದಕ್ಕೆ 40,000, ಹೊಸದಕ್ಕೆ 30,000. ವರ್ಷದ ಒಟ್ಟು ಖರ್ಚು: 5 ವರ್ಷ ಬಾಳುವ ಹಳೆಯದು 4.78 ಲಕ್ಷ, 8 ವರ್ಷ ಬಾಳುವ ಹಳೆಯದು 3.94, ಹೊಸದು 3.81.

ಕಾರ್ಖಾನೆ ತಿಂಗಳಿಗೆ 400 ಯೂನಿಟ್ ಡೀಸೆಲ್ ಕರೆಂಟ್ ಬಳಸುತ್ತಿದ್ದರೆ: ಡೀಸೆಲ್ ಉಳಿತಾಯ 90,000, ಉಳಿದ 18,000 ಯೂನಿಟ್ ಸೋಲಾರ್‌ನಿಂದ 81,000, ಡಿಮ್ಯಾಂಡ್ 88,000. ಒಟ್ಟು 2.59 ಲಕ್ಷ. ಹಳೆಯದೂ ಬೇಡ, ಹೊಸದೂ ಬೇಡ. ಅದೇ ಕಾರ್ಖಾನೆ ಕರೆಂಟ್ ಪದೇಪದೇ ಹೋಗುವ ಗ್ರಾಮೀಣ ಫೀಡರ್ ಮೇಲಿದ್ದು ತಿಂಗಳಿಗೆ 1,500 ಯೂನಿಟ್ ಡೀಸೆಲ್‌ನಿಂದ ಎಳೆಯುತ್ತಿದ್ದರೆ ಒಟ್ಟು ಉಳಿತಾಯ 4.49 ಲಕ್ಷ. ಆಗ ಹೊಸದು ಹೊಂದುತ್ತದೆ, 8 ವರ್ಷದ ಗ್ಯಾರಂಟಿಯ ಹಳೆಯದೂ ಹೊಂದುತ್ತದೆ, 5 ವರ್ಷ ಬಾಳುವುದು ಹೊಂದದು. ನಗರದ ಒಳ್ಳೆಯ ಫೀಡರ್ ಮೇಲೆ ಇರುವವರಿಗೆ ನಮ್ಮ ಸಲಹೆ ಸ್ಪಷ್ಟ: ಈಗ ಕೊಳ್ಳಬೇಡಿ.

ಹಂತ 8: ಕಾಗದಪತ್ರ

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ನವೀಕರಿಸಿ ಮಾರುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ಪ್ರಮಾಣಪತ್ರದ ಪ್ರತಿ, ಪ್ರತಿ ಪ್ಯಾಕಿನ ಕ್ರಮಸಂಖ್ಯೆ, ಆಯುಷ್ಯ ಮುಗಿದಾಗ ವಾಪಸ್ ಒಯ್ಯುವ ಷರತ್ತು, ಮೂರೂ ಇನ್‌ವಾಯ್ಸ್ ಜೊತೆ ಇರಲಿ. ಗ್ರಿಡ್‌ಗೆ ಜೋಡಿಸಲು ಎಸ್ಕಾಂ ಒಪ್ಪಿಗೆ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಬೇಕು. ಗ್ರಿಡ್ ಹೋದಾಗ ಇನ್ವರ್ಟರ್ ಲೈನಿಗೆ ಕರೆಂಟ್ ಬಿಡದಂತೆ ಕಡಿತವಾಗುವುದನ್ನು ಅಲ್ಲೇ ಪರೀಕ್ಷಿಸಿ ತೋರಿಸಬೇಕಾಗುತ್ತದೆ. ವಿಮೆಯವರಿಗೆ ಬ್ಯಾಟರಿ ಹಳೆಯದು ಎಂದು ಬರೆದೇ ತಿಳಿಸಿ.

ಹಂತ 9: ಓಡಿಸಲು ಶುರುವಾದ ಮೇಲೆ

ಮೊದಲ ಮೂರು ತಿಂಗಳು ಕಾಂಟ್ರ್ಯಾಕ್ಟ್ ಡಿಮ್ಯಾಂಡ್ ಇಳಿಸಬೇಡಿ. ಬ್ಯಾಟರಿ ಒಂದೂ ಪೀಕಿಗೆ ಕೈಕೊಡದೆ ಓಡಿದ ದಾಖಲೆ ಕೈಯಲ್ಲಿ ಬಂದ ಮೇಲೆ ಅರ್ಜಿ ಹಾಕಿ. ಪೀಕಿಗೆ ಬೇಕಾದ 60 ಯೂನಿಟ್ ಯಾವಾಗಲೂ ಮೀಸಲಿರುವಂತೆ ಕಂಟ್ರೋಲರ್‌ನಲ್ಲಿ ಬೀಗ ಹಾಕಿ. ಇಲ್ಲದಿದ್ದರೆ ಬೆಳಗ್ಗೆ ಕರೆಂಟ್ ಹೋದಾಗ ಖಾಲಿಯಾದ ಬ್ಯಾಟರಿ ಸಂಜೆಯ ಪೀಕಿಗೆ ಕೈಕೊಡುತ್ತದೆ.

ವಾರಕ್ಕೊಮ್ಮೆ ನೋಡಬೇಕಾದ್ದು ಸೆಲ್‌ಗಳ ನಡುವಿನ ವೋಲ್ಟೇಜ್ ಅಂತರ. ವಿಶ್ರಾಂತಿಯಲ್ಲಿ 30 ಮಿಲಿವೋಲ್ಟ್ ಒಳಗಿದ್ದದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಒಂದು ಸೆಲ್ ಕೈಬಿಡುತ್ತಿದೆ. 100 ದಾಟಿದರೆ ಆ ಪ್ಯಾಕನ್ನು ಹೊರತೆಗೆಯಿರಿ. ಪಕ್ಕದ ಮಾಡ್ಯೂಲ್‌ಗಿಂತ 5 ಡಿಗ್ರಿ ಹೆಚ್ಚು ಬಿಸಿ ಕಂಡರೆ ಮೊದಲು ಬಸ್‌ಬಾರ್ ಬೋಲ್ಟ್ ಟಾರ್ಕ್ ನೋಡಿ. ಸಡಿಲ ಬೋಲ್ಟ್ ಅಲ್ಲದಿದ್ದರೆ ಸೆಲ್ಲೇ ದೋಷಿ. ಬಿಎಂಎಸ್ ಅಲಾರಂ ಪದೇಪದೇ ಬರುತ್ತದೆಂದು ಮಿತಿಯನ್ನೇ ಏರಿಸುವ ಟೆಕ್ನಿಶಿಯನ್ ಸಿಗುತ್ತಾರೆ. ಪಾಸ್‌ವರ್ಡ್ ಅವರ ಕೈಗೆ ಕೊಡಬೇಡಿ.

ಆರು ತಿಂಗಳಿಗೊಮ್ಮೆ ಪೂರ್ತಿ ತುಂಬಿ, ಪೂರ್ತಿ ಬಿಟ್ಟು ಯೂನಿಟ್ ಎಣಿಸಿ. 85ರಿಂದ ಶುರುವಾದದ್ದು 70ಕ್ಕೆ ಇಳಿದಾಗಲೇ ಡೀಸೆಲ್ ಉಳಿತಾಯದ ಅಂಕಿ ಕೆಳಗೆ ತನ್ನಿ, ಬದಲಿ ಪ್ಯಾಕಿನ ಕೊಟೇಶನ್ ತರಿಸಿ. 65ಕ್ಕೆ ಬಂದಾಗ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ ಮತ್ತೆ ಏರಿಸುವ ಅರ್ಜಿ ಎಸ್ಕಾಂ ಮೇಜಿನ ಮೇಲಿರಬೇಕು. 60ರ ಕೆಳಗೆ ಹೋದ ತಿಂಗಳಿನಿಂದ ದುಪ್ಪಟ್ಟು ದರದ ಬಿಲ್ ಶುರು.